ವಾರ್ಡಿನ ಗ್ರಾಮಸಭೆ ಮತ್ತು ಬೆಳೆಯುವ ಪೇಟೆ

ಆತ್ಮೀಯ ಶ್ರೋತೃಗಳೇ, ನಮಸ್ಕಾರ.

ಕಾಸರಗೋಡು ಜಿಲ್ಲೆಯಲ್ಲಿರುವ ನಗರಸಭೆಗಳು ಕಾಸರಗೋಡು, ಕಾಞಂಗಾಡು ಮತ್ತು ನೀಲೇಶ್ವರ, ಈ ಮೂರೇ. ಆದರೆ ಪೇಟೆ ಬೆಳೆಯುವುದಕ್ಕೆ ನಗರಸಭೆಯ ಗಡಿಯ ಹಂಗಿಲ್ಲ. ಉಪ್ಪಳ, ಕುಂಬಳೆ, ಬದಿಯಡ್ಕಗಳ ಚಹರೆ ನಮ್ಮ ಕಣ್ಣೆದುರಿಗೇ ಬದಲಾಗಿದೆ. ಆಡಳಿತ ಮಾತ್ರ ಇಂದಿಗೂ ಗ್ರಾಮ ಪಂಚಾಯತಿನದು. 2001ರಲ್ಲಿ ಶೇಕಡಾ 26ರಷ್ಟಿದ್ದ ಕೇರಳದ ನಗರವಾಸಿಗಳ ಪ್ರಮಾಣ 2011ರ ಜನಗಣತಿಯಲ್ಲಿ ಶೇಕಡಾ 47ನ್ನು ದಾಟಿತು. ಈ ಏರಿಕೆಯ ದೊಡ್ಡ ಪಾಲು, ಪಂಚಾಯತಿನ ಅಧೀನದಲ್ಲಿದ್ದುಕೊಂಡೇ ಜನಸಾಂದ್ರತೆ ಮತ್ತು ಕೃಷಿಯೇತರ ದುಡಿಮೆಯ ಲೆಕ್ಕದಲ್ಲಿ ಪಟ್ಟಣವೆನಿಸಿಕೊಂಡ ಊರುಗಳದು.

ಇಂತಹ ಊರುಗಳ ಯೋಜನೆಯನ್ನು ರೂಪಿಸುವವರು ಯಾರು? 1996ರ ಆಗಸ್ಟ್ 17ರಂದು ಆರಂಭವಾದ ಜನಕೀಯಾಸೂತ್ರಣ, ಅಂದರೆ ಜನರೇ ಯೋಜನೆ ರೂಪಿಸುವ ಕೇರಳದ ಕಾರ್ಯಕ್ರಮ, ರಾಜ್ಯದ ಯೋಜನಾ ನಿಧಿಯ ಶೇಕಡಾ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿಕೊಟ್ಟು, ಊರಿನವರೇ ಎಂದು ಉತ್ತರಿಸಿತು. ಕೇರಳದಲ್ಲಿ ಪಂಚಾಯತಿನ ಪ್ರತಿ ವಾರ್ಡಿಗೂ ಒಂದು ಗ್ರಾಮಸಭೆ. ಮೂರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು, ಮತದಾರರಲ್ಲಿ ಹತ್ತನೆಯ ಒಂದು ಪಾಲು ಹಾಜರಿರಬೇಕು. ಅಲ್ಲಿ ಮೂಡಿದ ಬೇಡಿಕೆಗಳು ಕಾರ್ಯಪಡೆಗಳಲ್ಲಿ ಯೋಜನೆಯ ರೂಪ ಪಡೆದು, ಅಭಿವೃದ್ಧಿ ವಿಚಾರಗೋಷ್ಠಿಯನ್ನು ಹಾದು, ಜಿಲ್ಲಾ ಯೋಜನಾ ಸಮಿತಿಯ ಅಂಗೀಕಾರಕ್ಕೆ ಹೋಗುತ್ತವೆ. ವ್ಯವಸ್ಥೆ ಸೊಗಸಾಗಿಯೇ ಇದೆ.

ನಡೆಯುವುದು ಬೇರೆ. ಸಭೆಗೆ ಬಂದವರು ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಾರೆ. ಮನೆ ದುರಸ್ತಿ, ಕೋಳಿಮರಿ, ತೆಂಗಿಗೆ ಗೊಬ್ಬರ ಎಂದು ಫಲಾನುಭವಿಗಳ ಪಟ್ಟಿ ಓದಿ ಮುಗಿಯುವಷ್ಟರಲ್ಲಿ ಅರ್ಧ ಕುರ್ಚಿಗಳು ಖಾಲಿಯಾಗಿರುತ್ತವೆ. ಬಂದವರನ್ನು ದೂರುವಂತಿಲ್ಲ, ಅವರ ಅಗತ್ಯಗಳು ನಿಜವಾದವುಗಳೇ. ಆದರೆ ಪೇಟೆಯ ಮುಖ್ಯ ಸಂಕಟಗಳಿಗೆ ಫಲಾನುಭವಿಯೆಂದು ಹೆಸರಿಸಬಹುದಾದ ಒಬ್ಬ ವ್ಯಕ್ತಿ ಇರುವುದಿಲ್ಲ.

ತೋಡನ್ನೇ, ಅಂದರೆ ಊರಿನ ಸಣ್ಣ ಹಳ್ಳವನ್ನೇ ನೋಡೋಣ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ನೆಲದಲ್ಲಿ ಗುಡ್ಡದ ನೀರು ಬಯಲಿಗಿಳಿದು, ಗದ್ದೆಯಲ್ಲಿ ನಿಂತು ಇಂಗಿ, ಮಿಕ್ಕದ್ದು ತೋಡು ಸೇರುತ್ತಿತ್ತು. ಮಳೆ ಹಿಂದೆ ಸರಿದ ಮೇಲೆ ಕಲ್ಲುಮಣ್ಣಿನಿಂದ ತೋಡಿಗೆ ಕಟ್ಟ ಹಾಕಿ ಬೇಸಗೆಗೆ ನೀರುಳಿಸಿಕೊಳ್ಳುವುದು ಹಿರಿಯರ ರೂಢಿ. ಗದ್ದೆಗೆ ಮಣ್ಣು ತುಂಬಿಸಿ ಕಟ್ಟಡ ಎಬ್ಬಿಸಿದಾಗ, ಒಂದೊಂದು ಜಾಗದವರೂ ತೋಡನ್ನು ಒಂದೊಂದು ಅಡಿ ಒತ್ತುತ್ತಾರೆ. ಕೊನೆಗೆ ಪೈಪೊಂದರೊಳಕ್ಕೆ ಅದನ್ನು ತುರುಕಲಾಗುತ್ತದೆ. ಆಷಾಢದಲ್ಲಿ ಅಂಗಡಿಯೊಳಗೆ ನೀರು, ಏಪ್ರಿಲಿನಲ್ಲಿ ಬಾವಿಯೊಳಗೆ ಕೆಸರು: ಎರಡಕ್ಕೂ ಕಾರಣ ಒಂದೇ.

ತಡೆಯಲು ಕಾನೂನಿಲ್ಲವೆಂದಲ್ಲ. 2008ರ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯಿದೆಯಂತೆ ಪ್ರತಿ ಪಂಚಾಯತಿನಲ್ಲೂ ಅಧ್ಯಕ್ಷರ ನೇತೃತ್ವದಲ್ಲಿ ಸ್ಥಳೀಯ ನಿಗಾ ಸಮಿತಿ ಇರಬೇಕು. ಕೃಷಿ ಅಧಿಕಾರಿ ಅದರ ಸಂಚಾಲಕರು, ಭತ್ತದ ಕೃಷಿಕರ ಪ್ರತಿನಿಧಿಗಳೂ ಅದರಲ್ಲಿರಬೇಕು. ನಮ್ಮ ಪಂಚಾಯತಿನ ಆ ಸಮಿತಿಯಲ್ಲಿ ಯಾರಿದ್ದಾರೆಂದು ಗ್ರಾಮಸಭೆಯಲ್ಲಿ ಕೇಳುವವರು ವಿರಳ.

ಕನ್ನಡಿಗರಿಗೆ ಇನ್ನೊಂದು ತೊಡಕೂ ಇದೆ. ಕರಡು ಯೋಜನೆ ಮಲಯಾಳದಲ್ಲಷ್ಟೇ ಕೈಗೆ ಬಂದರೆ, ಓದಲಾಗದ ಹಿರಿಯ ಕೃಷಿಕರು ಚರ್ಚೆಯಲ್ಲಿ ಮೌನವಾಗುತ್ತಾರೆ. ಯಾವ ಗುಡ್ಡದ ನೀರು ಎಲ್ಲಿಗಿಳಿಯುತ್ತದೆಂದು ಚೆನ್ನಾಗಿ ಬಲ್ಲವರು ಅವರೇ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯೇ ಕೊಟ್ಟಿದೆ. ಆದ್ದರಿಂದ ಸಭೆಗೆ ವಾರದ ಮೊದಲೇ ಕರಡಿನ ಕನ್ನಡ ಪ್ರತಿಯನ್ನು ಬರಹದಲ್ಲಿ ಕೇಳಿ, ಕೊಟ್ಟ ಅರ್ಜಿಗೆ ರಶೀದಿ ಪಡೆಯಿರಿ. ವಾರ್ಡಿನ ತೋಡುಗಳನ್ನು ಹಿರಿಯರೊಡನೆ ಒಮ್ಮೆ ನಡೆದು ನೋಡಿ, ಎಲ್ಲೆಲ್ಲಿ ಕಟ್ಟ ಇತ್ತು, ಎಲ್ಲಿ ಒತ್ತುವರಿಯಾಗಿದೆ ಎಂದು ಸರ್ವೆ ನಂಬ್ರದ ಸಮೇತ ಗುರುತಿಸಿಟ್ಟುಕೊಳ್ಳಿ. ಆ ಹಾಳೆಯನ್ನು ಫಲಾನುಭವಿ ಪಟ್ಟಿಗಿಂತ ಮೊದಲು ಚರ್ಚೆಗೆತ್ತಿಕೊಳ್ಳುವಂತೆ ವಾರ್ಡ್ ಸದಸ್ಯರನ್ನು ಒತ್ತಾಯಿಸಿ, ನಿರ್ಣಯ ಪುಸ್ತಕದಲ್ಲಿ ದಾಖಲಾಗುವವರೆಗೂ ಕುರ್ಚಿ ಬಿಟ್ಟು ಏಳಬೇಡಿ.

ನಮಸ್ಕಾರ.