ಊಟ ಬಡಿಸಿ, ಎಲೆ ತೆಗೆಯಿರಿ: ಬಿಸಿಲು ಬೇಡದ ಹವಳದ ಆರೈಕೆ

ಕೇಳುಗರಿಗೆ ನಮಸ್ಕಾರ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಅಡಿಕೆ ಸುಲಿಯುತ್ತಾ ಕೇಳುತ್ತಿರುವವರಿಗೆ, ಅಡುಗೆಮನೆಯಲ್ಲಿ ರೇಡಿಯೋ ಹಚ್ಚಿಟ್ಟಿರುವ ಅಕ್ಕಂದಿರಿಗೆ, ಗಲ್ಫಿನಲ್ಲಿ ಮೊಬೈಲಿನಲ್ಲೇ ಊರಿನ ದನಿ ಕೇಳುವ ನಮ್ಮ ಹುಡುಗರಿಗೆ, ಎಲ್ಲರಿಗೂ ನಮಸ್ಕಾರ.

ನಾನು 14 ವರ್ಷ ಶಾರ್ಜಾದಲ್ಲಿ ಇದ್ದೆ. ದೊಡ್ಡ ದೊಡ್ಡ ಮನೆಗಳಲ್ಲಿ, ಹೋಟೆಲುಗಳಲ್ಲಿ ಕಡಲ ನೀರಿನ ಅಕ್ವೇರಿಯಂ ನೋಡಿಕೊಳ್ಳುವುದು ನನ್ನ ಕೆಲಸ. ಗಾಜು ಒರೆಸುವುದು, ನೀರು ಬದಲಾಯಿಸುವುದು, ಮೀನಿಗೆ ಕಾಯಿಲೆ ಬಂದರೆ ನೋಡುವುದು. ಇವತ್ತು ಅದರಲ್ಲಿ ಒಂದೇ ಒಂದು ವಿಷಯ ಹೇಳುತ್ತೇನೆ. ಬಿಸಿಲು ಬೇಡದ ಹವಳ. ಅದನ್ನು ಬದುಕಿಸುವುದು ಹೇಗೆ?

ಹವಳ ಅಂದ ಕೂಡಲೇ ನಮಗೆ ಉಂಗುರದ ಕೆಂಪು ಕಲ್ಲು ನೆನಪಾಗುತ್ತದೆ. ಕಲ್ಲು ಅಲ್ಲ, ಅದು ಒಂದು ಪ್ರಾಣಿ ಕಟ್ಟಿದ ಮನೆ. ಸಾವಿರಾರು ಪುಟ್ಟ ಪ್ರಾಣಿಗಳು ಒಟ್ಟಿಗೆ ಕೂತು ಸುಣ್ಣದ ಗೂಡು ಕಟ್ಟುತ್ತವೆ. ಪ್ರತಿಯೊಂದಕ್ಕೂ ಒಂದು ಬಾಯಿ. ಬಾಯಿಯ ಸುತ್ತ ದಾರದ ಎಳೆಯಂಥ ಕೈಗಳು. ಇಷ್ಟು ಗೊತ್ತಿದ್ದರೆ ಸಾಕು. ಬಾಯಿ ಇದೆ ಅಂದ ಮೇಲೆ ಊಟ ಬೇಕು ಅಲ್ವಾ?

ಲಕ್ಷದ್ವೀಪದಲ್ಲಿ ತಿಳಿನೀರಿನೊಳಗೆ ಕಾಣುವ ಹವಳಗಳಿವೆಯಲ್ಲ, ಅವುಗಳಲ್ಲಿ ಹೆಚ್ಚಿನವಕ್ಕೆ ಒಂದು ಅನುಕೂಲ ಇದೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸ ಮಾಡುತ್ತದೆ. ಮನೆಯೊಳಗೇ ಒಬ್ಬ ಅಡುಗೆ ಭಟ್ಟರನ್ನು ಇಟ್ಟುಕೊಂಡ ಹಾಗೆ. ಬಿಸಿಲೇ ಅವರಿಗೆ ಕಟ್ಟಿಗೆ. ಬೆಳಗಾದರೆ ಒಲೆ ಉರಿಯುತ್ತದೆ, ಅಡುಗೆ ಆಗುತ್ತದೆ, ಹವಳಕ್ಕೆ ಬಹುಪಾಲು ಊಟ ಅಲ್ಲಿಂದಲೇ ಸಿಗುತ್ತದೆ.

ನಾನು ಹೇಳುವ ಹವಳದ ಮನೆಯಲ್ಲಿ ಈ ಭಟ್ಟರು ಇಲ್ಲ. ಅದು ಬಂಡೆಯ ಅಡಿಯಲ್ಲಿ, ಗುಹೆಯ ಬಾಯಲ್ಲಿ, ಮುಳುಗಿದ ಹಡಗಿನ ಹೊಟ್ಟೆಯ ಕೆಳಗೆ, ಕತ್ತಲಲ್ಲಿ ಬೆಳೆಯುತ್ತದೆ. ನೀರಿನ ಸೆಳೆತದಲ್ಲಿ ತೇಲಿ ಬರುವ ಸಣ್ಣ ಜೀವಿಗಳನ್ನು ಕೈಚಾಚಿ ಹಿಡಿದು ತಿನ್ನುತ್ತದೆ. ಅಕ್ವೇರಿಯಂನವರಿಗೆ ಹೆಚ್ಚು ಪರಿಚಯ ಇರುವುದು ಟ್ಯುಬಾಸ್ಟ್ರಿಯಾ. ಕಿತ್ತಳೆ ಬಣ್ಣದ ಮೈ, ಹಳದಿ ಕೈಗಳು. ಎಲ್ಲರೂ ಅದನ್ನು ಸನ್ ಕೋರಲ್ ಅನ್ನುತ್ತಾರೆ, ಸೂರ್ಯನ ಹವಳ. ಅರಳಿದರೆ ಸೂರ್ಯನ ಹಾಗೆ ಕಾಣುತ್ತದೆ, ಅದಕ್ಕೆ ಆ ಹೆಸರು. ಬಿಸಿಲಿಗೂ ಅದಕ್ಕೂ ಸಂಬಂಧ ಇಲ್ಲ. ಈ ಒಂದು ಹೆಸರಿನಿಂದ ಎಷ್ಟು ಹವಳ ಉಪವಾಸ ಬಿದ್ದು ಸತ್ತಿವೆಯೋ! ಇವತ್ತಿಗೂ ನನಗೆ ಫೋನ್ ಮಾಡುವವರು ಮೊದಲು ಕೇಳುವುದು, "ಲೈಟ್ ಎಷ್ಟು ವ್ಯಾಟ್ ಬೇಕು?" ಅಂತ. ದಯವಿಟ್ಟು ಲೈಟಿನ ಮಾತು ಬಿಡಿ. ಊಟ ಏನು ಹಾಕುತ್ತೀರಿ, ಅದನ್ನು ಹೇಳಿ.

ನಮ್ಮ ಕಾಸರಗೋಡು ಜಿಲ್ಲೆಯ ತೆಂಕು ತುದಿಯಲ್ಲಿ ಪಡನ್ನ ಅಂತ ಊರಿದೆ. ಅಲ್ಲಿಯ ಹಿನ್ನೀರಿನಲ್ಲಿ ಪಚ್ಚಿಲೆ ಸಾಕುತ್ತಾರೆ, ಮಲಯಾಳದವರು ಕಲ್ಲುಮ್ಮಕ್ಕಾಯಿ ಅನ್ನುವುದು ಅದನ್ನೇ. ಮಳೆಗಾಲ ಕಳೆದು, ನೀರು ಮತ್ತೆ ಉಪ್ಪಾದ ಮೇಲೆ ಹಗ್ಗಕ್ಕೆ ಮರಿ ಕಟ್ಟಿ ಇಳಿಬಿಡುತ್ತಾರೆ. ಮುಂದಿನ ಮಳೆ ಬರುವ ಮೊದಲು ಮೇಲೆತ್ತುತ್ತಾರೆ. ನಡುವೆ ಯಾರಾದರೂ ಅದಕ್ಕೆ ತಿಂಡಿ ಹಾಕುತ್ತಾರಾ? ಇಲ್ಲ. ಉಬ್ಬರ ಇಳಿತವೇ ದಿನಕ್ಕೆರಡು ಸಲ ಊಟ ತಂದು ಬಡಿಸುತ್ತದೆ, ಎಂಜಲನ್ನೂ ತಾನೇ ಹೊತ್ತು ಹೋಗುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಉಬ್ಬರವೂ ಇಲ್ಲ, ಇಳಿತವೂ ಇಲ್ಲ. ಆ ಎರಡು ಕೆಲಸ ನೀವು ಮಾಡಬೇಕು. ಊಟ ಬಡಿಸಬೇಕು, ಎಲೆ ತೆಗೆಯಬೇಕು. ಅಷ್ಟೇ ನನ್ನ ಮಾತು.

ಇದನ್ನು ನಾನು ಕಲಿತ ಕತೆ ಹೇಳುತ್ತೇನೆ.

ಒಂದು ಮನೆಗೆ ವಾರಕ್ಕೊಮ್ಮೆ ಹೋಗುತ್ತಿದ್ದೆ. ಅಲ್ಲಿ ಒಂದು ಸನ್ ಕೋರಲ್ ಇತ್ತು, ಮುಷ್ಟಿಯಷ್ಟು ದೊಡ್ಡದು. ತಂದಾಗ ಚೆನ್ನಾಗಿತ್ತಂತೆ. ತೊಟ್ಟಿಯ ನೆತ್ತಿಯ ಮೇಲೆ, ಒಳ್ಳೆಯ ಲೈಟಿನ ಕೆಳಗೆ ಇಟ್ಟಿದ್ದರು. ನಾಲ್ಕು ತಿಂಗಳಲ್ಲಿ ಬಾಯಿಗಳೆಲ್ಲ ಮುಚ್ಚಿ, ನಡುವಿನ ಮಾಂಸ ಕರಗಿ, ಬಿಳಿ ಎಲುಬು ಕಾಣುತ್ತಿತ್ತು. ಮನೆಯವರು, "ಇದು ಸತ್ತಿದೆ, ಹೊರಗೆ ಎಸೆದುಬಿಡು" ಅಂದರು. ಕೈಯಲ್ಲಿ ಎತ್ತಿ ನೋಡಿದೆ. ಗೂಡುಗಳ ಒಳಗೆ, ತೀರಾ ಆಳದಲ್ಲಿ, ಕಿತ್ತಳೆ ಬಣ್ಣ ಇನ್ನೂ ಇತ್ತು. ಎಸೆಯಲು ಮನಸ್ಸು ಬರಲಿಲ್ಲ. ಕೇಳಿಕೊಂಡು ನನ್ನ ಕೋಣೆಗೆ ತಂದೆ.

ಕೋಣೆಯಲ್ಲಿ ನಾವು ನಾಲ್ಕು ಜನ. ನನ್ನ ಮಂಚದ ಕಾಲಬುಡದಲ್ಲಿ 60 ಲೀಟರಿನ ಒಂದು ತೊಟ್ಟಿ ಇತ್ತು, ಅದರಲ್ಲಿ ಒಂದು ಸಿಗಡಿ, ಕೆಂಪು ಮೈಗೆ ಬಿಳಿ ಪಟ್ಟೆ ಇರುವಂಥದ್ದು. ಹವಳವನ್ನು ಅದರಲ್ಲಿ ಕೆಳಗೆ, ನೆರಳಿನಲ್ಲಿ, ನೀರು ಚೆನ್ನಾಗಿ ಹರಿಯುವ ಕಡೆ ಇಟ್ಟೆ. ರಾತ್ರಿ ಕೆಲಸ ಮುಗಿಸಿ ಬಂದು, 11 ಗಂಟೆಗೆ ಲೈಟ್ ಆರಿಸಿ, ತಿನ್ನುವ ಸಿಗಡಿಯನ್ನು ಜಜ್ಜಿ, ಅದರ ರಸ ನಾಲ್ಕು ಹನಿ ಬಿಟ್ಟೆ. ಯಾಕೆ ರಸ ಅಂದರೆ, ವಾಸನೆ ಬರದೆ ಈ ಹವಳ ಬಾಯಿ ತೆರೆಯುವುದಿಲ್ಲ. ಬಾಯಿ ಮುಚ್ಚಿದವನಿಗೆ ಊಟ ಹಾಕುವುದು ಹೇಗೆ? ಮೊದಲು ಒಗ್ಗರಣೆಯ ಪರಿಮಳ ಹೋಗಬೇಕು.

ಮೊದಲ ರಾತ್ರಿ ಏನೂ ಆಗಲಿಲ್ಲ. ಎರಡನೇ ರಾತ್ರಿಯೂ ಇಲ್ಲ. ಆರನೇ ರಾತ್ರಿ ಟಾರ್ಚಿಗೆ ಕೆಂಪು ಪ್ಲಾಸ್ಟಿಕ್ ಸುತ್ತಿ ನೋಡುತ್ತೇನೆ, ಅಂಚಿನ ಒಂದೇ ಒಂದು ಬಾಯಿ ಸ್ವಲ್ಪ ಊದಿದೆ. ಒಳಗಿನಿಂದ ಹಳದಿ ಚುಕ್ಕೆಗಳು, ಎಳ್ಳಿಗಿಂತ ಸಣ್ಣವು, ಹೊರಗೆ ಇಣುಕುತ್ತಿವೆ. ಸೂಜಿ ತೆಗೆದ ಸಿರಿಂಜಿನ ತುದಿಯಲ್ಲಿ ಅಕ್ಕಿ ನುಚ್ಚಿನಷ್ಟು ಸಿಗಡಿ ಮಾಂಸ ಇಟ್ಟು ಮೆಲ್ಲಗೆ ತಾಗಿಸಿದೆ. ಮುಟ್ಟಿದರೆ ಮುನಿಯ ಎಲೆ ಮಡಚುತ್ತದಲ್ಲ, ಅದೇ ಥರ, ಆದರೆ ಬಹಳ ನಿಧಾನವಾಗಿ, ಆ ಎಳೆಗಳು ಒಂದೊಂದಾಗಿ ಬಾಗಿ ಮಾಂಸವನ್ನು ಒಳಗೆ ಎಳೆದುಕೊಂಡವು. ಪಕ್ಕದ ಮಂಚದಲ್ಲಿ ಉಪ್ಪಳದ ಒಬ್ಬ ಹುಡುಗ ಇದ್ದ, ಮೊಬೈಲ್ ಅಂಗಡಿಯಲ್ಲಿ ಕೆಲಸ. ಅವನನ್ನು ಎಬ್ಬಿಸಿ ತೋರಿಸಿದೆ. ನಿದ್ದೆಗಣ್ಣಲ್ಲೇ ನೋಡಿ, "ಅಣ್ಣಾ, ಇದು ತಿಂತಾ ಉಂಟಲ್ಲ!" ಅಂದ. ಮರುದಿನದಿಂದ ಅವನೂ ನನ್ನ ಜತೆ ಕೂತ.

ಪ್ರತಿ ಬಾಯಿಗೂ ಬೇರೆ ಬೇರೆಯಾಗಿ ಕೊಡಬೇಕು. ಒಂದು ಬಾಯಿ ತಿಂದರೆ ಇಡೀ ಹವಳದ ಹೊಟ್ಟೆ ತುಂಬಿತು ಅಂತ ಲೆಕ್ಕ ಹಾಕಬೇಡಿ. ನಮ್ಮ ಹವಳದಲ್ಲಿ 23 ಗೂಡು ಇದ್ದವು. ತಿಂಗಳ ಕೊನೆಗೆ 11 ಬಾಯಿ ತೆರೆದವು. ಅಷ್ಟರಲ್ಲಿ ಇನ್ನೊಂದು ತೊಂದರೆ. ನಾವು ಕೊಟ್ಟ ತುತ್ತನ್ನು ಆ ಸಿಗಡಿ ಬಂದು ಹವಳದ ಬಾಯಿಯೊಳಗೆ ಕಾಲು ಹಾಕಿ ಕಿತ್ತು ತಿನ್ನುತ್ತಿತ್ತು. ಹುಡುಗನೇ ಉಪಾಯ ಮಾಡಿದ. ನೀರಿನ ಬಾಟಲಿಯನ್ನು ಅರ್ಧಕ್ಕೆ ಕತ್ತರಿಸಿ, ಹವಳದ ಮೇಲೆ ಕವುಚಿ ಹಾಕಿ, ಬಾಟಲಿಯ ಬಾಯಿಯಿಂದ ಸಿರಿಂಜ್ ಇಳಿಸಿದ. ಅರ್ಧ ಗಂಟೆ ಬಿಟ್ಟು ಬಾಟಲಿ ತೆಗೆದರಾಯಿತು. ನಾನು ಆಮೇಲೆ ಹೋದ ಮನೆಗಳಲ್ಲೆಲ್ಲ ಇದೇ ಕ್ರಮ ಹೇಳಿಕೊಟ್ಟಿದ್ದೇನೆ.

ಆಮೇಲೆ ತಂಗಿಯ ಮದುವೆಗೆಂದು ನಾನು 20 ದಿನ ಊರಿಗೆ ಬಂದೆ. ತೊಟ್ಟಿಯನ್ನು ಹುಡುಗನಿಗೆ ಒಪ್ಪಿಸಿದೆ. ಅವನಿಗೆ ಪ್ರೀತಿ ಜಾಸ್ತಿ. ದಿನಕ್ಕೆ ಮೂರು ಸಲ ಹಾಕಿದ. ವಾಪಸು ಹೋಗಿ ಬಾಗಿಲು ತೆಗೆದರೆ ಮೀನು ಮಾರ್ಕೆಟಿನ ಚರಂಡಿಯ ವಾಸನೆ. ನೀರು ಮಬ್ಬಾಗಿದೆ. 23 ಬಾಯಿಯೂ ಮುಚ್ಚಿವೆ. ಹುಡುಗ ಗೋಡೆಗೆ ಒರಗಿ ನಿಂತಿದ್ದಾನೆ, ಮಾತಿಲ್ಲ. ತಪ್ಪು ಅವನದಲ್ಲ. ನಾನು ಅವನಿಗೆ ಬಡಿಸುವುದನ್ನು ಮಾತ್ರ ಕಲಿಸಿದ್ದೆ, ಎಲೆ ತೆಗೆಯುವುದನ್ನು ಕಲಿಸಿರಲಿಲ್ಲ.

ತಿನ್ನದೆ ಉಳಿದ ಚೂರು ಕೊಳೆತರೆ ಅಮೋನಿಯಾ ಆಗುತ್ತದೆ, ಅದು ವಿಷ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡಿ, ಮತ್ತೆ ನೈಟ್ರೇಟ್ ಮಾಡುತ್ತವೆ. ಅವಕ್ಕೂ ಒಂದು ಮಿತಿ ಇದೆ. ಮಿತಿ ಮೀರಿ ಹಾಕಿದರೆ ನೀರು ಕೆಡುತ್ತದೆ. ಅವತ್ತಿನಿಂದ ದಿನಾ ಐದನೇ ಒಂದು ಪಾಲು ನೀರು ಬದಲಾಯಿಸಿದೆವು. ಅಡಿಯ ಕಸವನ್ನು ಸಣ್ಣ ಪೈಪಿನಲ್ಲಿ ಎಳೆದೆವು. ಪ್ರೋಟೀನ್ ಸ್ಕಿಮ್ಮರ್ ಅಂತ ಒಂದು ಯಂತ್ರ ತಂದೆವು. ತೊಗರಿಬೇಳೆ ಬೇಯುವಾಗ ಮೇಲೆ ನೊರೆ ಬರುತ್ತದಲ್ಲ, ಅಕ್ಕ ಅದನ್ನು ಸೌಟಿನಲ್ಲಿ ತೆಗೆದು ಚೆಲ್ಲುತ್ತಾರಲ್ಲ, ಅದೇ ಕೆಲಸ. ಸಣ್ಣ ಸಣ್ಣ ಗುಳ್ಳೆ ಎಬ್ಬಿಸಿ ನೀರಿನ ಜಿಡ್ಡನ್ನು ನೊರೆ ಮಾಡಿ ಹೊರಗೆ ಹಾಕುತ್ತದೆ. ಎರಡು ವಾರದಲ್ಲಿ ಬಾಯಿಗಳು ಮತ್ತೆ ತೆರೆದವು. ಆರು ತಿಂಗಳಲ್ಲಿ ಹಳೆಯ ಗೂಡಿನ ಬುಡದಲ್ಲಿ ಹೊಸ ಮೊಗ್ಗು, ಸಾಸಿವೆಯಷ್ಟು. ನಾವಿಬ್ಬರೂ ಅವತ್ತು ಕೋಣೆಯವರಿಗೆಲ್ಲ ಪಾಯಸ ಮಾಡಿದೆವು.

ಈ ಕತೆಯಲ್ಲೇ ಸಮಯ ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ, ಬರೆದುಕೊಳ್ಳಿ.

ವಾರಕ್ಕೆ ಎರಡು ಮೂರು ಸಲ ಪ್ರತಿ ಬಾಯಿಗೂ ತುತ್ತು. ಸಿಗಡಿ ಚೂರು ಆಗುತ್ತದೆ, ಫ್ರೀಜ್ ಮಾಡಿದ ಮೈಸಿಸ್, ಅಂದರೆ ಸಿಗಡಿಯಂಥದ್ದೇ ಪುಟ್ಟ ಜೀವಿ, ಅದೂ ಆಗುತ್ತದೆ. ಆರ್ಟೀಮಿಯಾ ಅಂತ ಉಪ್ಪುನೀರಿನ ಇನ್ನೊಂದು ಪುಟ್ಟ ಜೀವಿ ಇದೆ, ಅದರ ಮೊಟ್ಟೆ ತಂದು ಉಪ್ಪುನೀರಿನಲ್ಲಿ ಗಾಳಿ ಬಿಟ್ಟರೆ ಸುಮಾರು ಒಂದು ದಿನದಲ್ಲಿ ಮರಿ ಆಗುತ್ತವೆ, ಅರ್ಧ ಮಿಲಿಮೀಟರ್ ಇರುತ್ತವೆ, ಸಣ್ಣ ಬಾಯಿಗೆ ಒಳ್ಳೆಯದು. ನೀರಿನ ಉಪ್ಪು ಲೀಟರಿಗೆ 35 ಗ್ರಾಂ ಲೆಕ್ಕ. ಅಡುಗೆ ಉಪ್ಪು ಬೇಡ, ಅಕ್ವೇರಿಯಂಗೆಂದೇ ಸಿಗುವ ಕಡಲುಪ್ಪು ಬೇಕು. ಮಳೆಗಾಲದಲ್ಲಿ ಚಂದ್ರಗಿರಿ ಅಳಿವೆಯಿಂದ ನೀರು ತಂದು ಸುರಿಯಬೇಡಿ, ಅದರಲ್ಲಿ ಉಪ್ಪೇ ಇರುವುದಿಲ್ಲ. ನೀರಿನ ಬಿಸಿ 24ರಿಂದ 26 ಡಿಗ್ರಿ.

ತೋಟದವರಿಗೆ ಒಂದು ಮಾತು. ಕೊಳೆರೋಗಕ್ಕೆ ಮದ್ದು ಬಿಟ್ಟ ಕೈಯನ್ನು ಈ ತೊಟ್ಟಿಗೆ ಹಾಕಲೇಬೇಡಿ. ಆ ಮದ್ದಿನಲ್ಲಿರುವ ಮೈಲುತುತ್ತು ಅಂದರೆ ತಾಮ್ರ. ಹವಳಕ್ಕೂ ಸಿಗಡಿಗೂ ತಾಮ್ರ ವಿಷ. ಮೀನಿನ ಬಿಳಿಚುಕ್ಕೆ ಕಾಯಿಲೆಯ ಕೆಲವು ಔಷಧಿಗಳಲ್ಲೂ ತಾಮ್ರ ಇರುತ್ತದೆ, ನೋಡಿ ಹಾಕಿ.

ಕಾರ್ನೇಷನ್ ಕೋರಲ್ ಅಂತ ಇನ್ನೊಂದಿದೆ, ಡೆಂಡ್ರೋನೆಫ್ತಿಯಾ. ಮೆತ್ತನೆಯದು, ಗುಲಾಬಿ, ಕೆಂಪು, ನೇರಳೆ, ನೋಡಿದರೆ ಆಸೆಯಾಗುತ್ತದೆ. ಮುಟ್ಟಬೇಡಿ. ಅದರ ಬಾಯಿಗೆ ಸಿಗಡಿ ಚೂರು ಹಿಡಿಸುವುದಿಲ್ಲ. ಅದು ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳನ್ನು ತಿಂದು ಬದುಕುತ್ತದೆ ಅಂತ ಕೆಂಪು ಸಮುದ್ರದಲ್ಲಿ ನಡೆದ ಅಧ್ಯಯನದಿಂದ 1995ರಲ್ಲಿ ಗೊತ್ತಾಯಿತು. ಹಗಲು ರಾತ್ರಿ ಬಿಡದೆ ಬಡಿಸುತ್ತಲೇ ಇರಬೇಕು, ಅಷ್ಟೇ ವೇಗದಲ್ಲಿ ಎಲೆ ತೆಗೆಯುತ್ತಲೂ ಇರಬೇಕು. ಹೊಸಬರ ಕೈಯಲ್ಲಿ ಅದು ಸುಮ್ನೆ ಸಾಯುತ್ತದೆ.

ಊಟ ಸಿಕ್ಕರೆ ಸನ್ ಕೋರಲ್ ಎಷ್ಟು ಗಟ್ಟಿ ಜೀವ ಅಂತ ತಿಳಿಯಬೇಕಾದರೆ ಬ್ರೆಜಿಲ್ ನೋಡಿ. ಅದು ಅಲ್ಲಿಯ ಹವಳ ಅಲ್ಲ. 1980ರ ದಶಕದಲ್ಲಿ ತೈಲ ತೆಗೆಯುವ ವೇದಿಕೆಗಳಿಗೆ ಅಂಟಿಕೊಂಡು ಬಂದು, ಈಗ ಅಲ್ಲಿಯ ಬಂಡೆಗಳ ಮೇಲೆ ಕಳೆಯ ಹಾಗೆ ಹಬ್ಬಿದೆ. ಕೀಳಲು ಜನ ಪಾಡುಪಡುತ್ತಿದ್ದಾರೆ. ಯಾರೂ ಲೈಟ್ ಹಾಕಲಿಲ್ಲ. ಕಡಲು ಊಟ ಹಾಕಿತು.

ಕೊನೆಗೆ ಕಾನೂನು. ನಮ್ಮ ಕಡಲಿನಿಂದ ಹವಳ ಕೀಳುವುದು, ಮಾರುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ 2001ರಲ್ಲಿ ಗಟ್ಟಿ ಹವಳಗಳನ್ನೆಲ್ಲ ಸೇರಿಸಿದ್ದಾರೆ. ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. ಸನ್ ಕೋರಲ್ ಕೂಡ ಗಟ್ಟಿ ಹವಳವೇ. ಬಲೆಗೆ ಸಿಕ್ಕಿತು ಅಂತ ಯಾರಾದರೂ ತಂದುಕೊಟ್ಟರೆ ತೆಗೆದುಕೊಳ್ಳಬೇಡಿ. ಅಂಗಡಿಯವರು ಹೇಳಿದ್ದನ್ನು ನಂಬಿ ದುಡ್ಡು ಕೊಡಬೇಡಿ, ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿ. ಹೊರದೇಶದಲ್ಲಿ ಇರುವವರು ಅಲ್ಲಿಯ ಕಾಗದಪತ್ರ ನೋಡಿಯೇ ಕೊಳ್ಳಿ. ಊರಿಗೆ ಬರುವಾಗ ಪೆಟ್ಟಿಗೆಯಲ್ಲಿ ತರುವ ಯೋಚನೆ ಬೇಡವೇ ಬೇಡ. ನಾನೂ ತರಲಿಲ್ಲ. ಆ ಹವಳವನ್ನು ಉಪ್ಪಳದ ಹುಡುಗನಿಗೇ ಬಿಟ್ಟು ಬಂದೆ. ಈಗ ನನ್ನ ಮನೆಯ ತೊಟ್ಟಿಯಲ್ಲಿ ಇರುವುದು ತೊಟ್ಟಿಯಲ್ಲೇ ಹುಟ್ಟಿದ ಒಂದು ಜೋಡಿ ಕ್ಲೌನ್ ಮೀನು. ಆ ಹುಡುಗ ಶುಕ್ರವಾರ ಶುಕ್ರವಾರ ಹವಳದ ವಿಡಿಯೋ ಕಳಿಸುತ್ತಾನೆ. ಬಾಯಿ 61 ಆಗಿದೆ.

ಹಾಂ, ಒಂದು ಬಿಟ್ಟೆ. ಮೀನು ಸಾಕುವವರಿಗೂ ಬೇಕಾದದ್ದು. ಕರೆಂಟ್ ಹೋದರೆ ಮೊದಲು ಗಾಳಿ ಪಂಪು. ಬ್ಯಾಟರಿಯದ್ದು ಒಂದು ತಂದಿಟ್ಟುಕೊಳ್ಳಿ, ಮಳೆಗಾಲ ಶುರುವಾಗುವ ಮೊದಲೇ ತನ್ನಿ. ಕರೆಂಟ್ ಬರುವವರೆಗೆ ಊಟ ಹಾಕಬೇಡಿ, ಎಲೆ ತೆಗೆಯಲು ಆಗ ಯಾರೂ ಇರುವುದಿಲ್ಲ. ನಮಸ್ಕಾರ.