ಹಿನ್ನೀರಿನ ದೋಣಿಗಳಲ್ಲಿ ಪ್ರೊಪೆಲ್ಲರ್ ದೋಷ ಪತ್ತೆ

ಚಿಕ್ಕಮಗಳೂರಿನ ಈ ಸಭೆಗೆ ಬಂದಿರುವ ದೋಣಿ ಚಾಲಕರಿಗೂ ಮೆಕ್ಯಾನಿಕ್ ಮಿತ್ರರಿಗೂ ನಮಸ್ಕಾರ.

ದೋಣಿಯ ಹಿಂಬದಿಗೆ ತಗುಲಿಸುವ ಔಟ್‌ಬೋರ್ಡ್ ಮೋಟಾರು ಎಷ್ಟು ಅಬ್ಬರಿಸಿದರೂ ದೋಣಿ ಮುಂದೆ ಸಾಗದಿದ್ದಾಗ ಹಲವರು ಮೊದಲು ಬಿಚ್ಚುವುದು ಕಾರ್ಬ್ಯುರೇಟರನ್ನು. ನನ್ನ ಅಭಿಪ್ರಾಯದಲ್ಲಿ ಅದು ವ್ಯರ್ಥ ಶ್ರಮ. ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳು) ಏರಿಯೂ ವೇಗ ಏರದಿದ್ದರೆ ಇಂಜಿನ್ ತನ್ನ ಕೆಲಸ ಮಾಡುತ್ತಿದೆ, ಆ ಶಕ್ತಿ ನೀರನ್ನು ತಲುಪುತ್ತಿಲ್ಲ ಎಂದೇ ಅರ್ಥ.

ಆ ಶಕ್ತಿಯನ್ನು ನೀರಿಗೆ ಮುಟ್ಟಿಸುವ ಪ್ರೊಪೆಲ್ಲರಿನ ನಡುವೆ ಸಾಮಾನ್ಯವಾಗಿ ಒಂದು ರಬ್ಬರ್ ಬುಷ್ ಇರುತ್ತದೆ. ಬೇಸಿಗೆಯಲ್ಲಿ ಭದ್ರಾ ಹಿನ್ನೀರು ತಗ್ಗಿದಾಗ ಹಿಂದೆ ಮುಳುಗಿದ ಕಾಡಿನ ಮರದ ಮೋಟುಗಳು ಕಣ್ಣಿಗೆ ಬೀಳದಷ್ಟೇ ಆಳದಲ್ಲಿ ನಿಂತಿರುತ್ತವೆ. ರೆಕ್ಕೆ ಅವಕ್ಕೆ ಬಡಿದರೆ ಪೆಟ್ಟು ಗೇರುಗಳಿಗೆ ಹೋಗದಂತೆ ತಡೆಯುವುದು ಈ ಬುಷ್. ಆದರೆ ಒಮ್ಮೆ ಹಿಡಿತ ಬಿಟ್ಟ ಬುಷ್, ನಿಧಾನವಾಗಿ ಹೋಗುವಾಗ ಸರಿಯಿರುವಂತೆಯೇ ತೋರಿ, ಥ್ರಾಟಲ್ ಹೆಚ್ಚಿಸಿದೊಡನೆ ಜಾರುತ್ತದೆ. ಇದನ್ನು ಖಚಿತಪಡಿಸಿಕೊಳ್ಳಲು ಪ್ರೊಪೆಲ್ಲರಿನ ಹಿಂಬದಿಯಲ್ಲಿ, ಒಳಗಿನ ಲೋಹದ ಕೊಳವೆಯಿಂದ ಹೊರಗಿನ ಅಂಚಿನವರೆಗೆ ಬಿಳಿ ಬಣ್ಣದಲ್ಲಿ ಒಂದು ನೇರ ಗೆರೆ ಎಳೆದು, ದೋಣಿಯನ್ನು ಪೂರ್ಣ ವೇಗದಲ್ಲಿ ಓಡಿಸಿ ನೋಡಬೇಕು: ಗೆರೆ ತುಂಡಾಗಿ ಆಚೀಚೆ ಸರಿದಿದ್ದರೆ ಬುಷ್ ಹೋಗಿದೆ. ಕೆಲವು ಚಿಕ್ಕ ಮೋಟಾರುಗಳಲ್ಲಿ ಬುಷ್‌ಗೆ ಬದಲಾಗಿ ಶಿಯರ್ ಪಿನ್ ಎಂಬ ಸಣ್ಣ ಲೋಹದ ಕಡ್ಡಿ ಇದ್ದು, ಪೆಟ್ಟು ಬಿದ್ದಾಗ ಅದು ಮುರಿಯುತ್ತದೆ. ಆ ಜಾಗಕ್ಕೆ ಮೊಳೆ ತೂರಿಸುವ ಜಾಣತನ ಬೇಡ.

ಅಬ್ಬರ ತಿರುವಿನಲ್ಲಿ ಮಾತ್ರ ಕೇಳಿಸಿದರೆ ಪ್ರೊಪೆಲ್ಲರ್ ಮೇಲಿನಿಂದ ಗಾಳಿ ಎಳೆದುಕೊಳ್ಳುತ್ತಿದೆ. ಆಗ ಅದರ ಮೇಲಿರುವ ಚಪ್ಪಟೆ ತಟ್ಟೆಯು ದೋಣಿಯ ತಳದ ಮಟ್ಟಕ್ಕೆ ಸರಿಯಾಗಿ ಅಥವಾ ತುಸುವೇ ಮೇಲಿದೆಯೇ ಎಂದು ನೋಡಬೇಕು. ಮೋಟಾರನ್ನು ಅತಿ ಎತ್ತರಕ್ಕೆ ಕೂರಿಸಿದ್ದರೆ ಹೊಸ ಪ್ರೊಪೆಲ್ಲರ್ ಹಾಕಿದರೂ ಪ್ರಯೋಜನವಿಲ್ಲ.

ಇನ್ನು, ನಿತ್ಯದಷ್ಟು ಪ್ರಯಾಣಿಕರು ಕುಳಿತಿದ್ದಾಗ ಥ್ರಾಟಲ್ ಪೂರ್ಣ ತೆರೆದರೂ ತಯಾರಕರು ಹೇಳಿದ ಆರ್‌ಪಿಎಂ ಮುಟ್ಟದಿದ್ದರೆ ಪಿಚ್, ಅಂದರೆ ಪ್ರೊಪೆಲ್ಲರ್ ಒಂದು ಸುತ್ತಿಗೆ ಲೆಕ್ಕದಲ್ಲಿ ಮುಂದೆ ಸಾಗಬೇಕಾದ ದೂರ, ಹೆಚ್ಚಾಗಿರಬಹುದು. ಪಿಚ್ಚನ್ನು 1 ಅಂಗುಲ ಇಳಿಸಿದರೆ ಸುಮಾರು 150ರಿಂದ 200 ಆರ್‌ಪಿಎಂ ಏರುತ್ತದೆ. ನಡುಕವಿದ್ದರೆ ಬಾಗಿದ ರೆಕ್ಕೆಯನ್ನು ಹುಡುಕಿ. ಮೋಟುಗಳಿರುವ ನೀರಿಗೆ ಸ್ಟೀಲಿಗಿಂತ ಅಲ್ಯೂಮಿನಿಯಂ ರೆಕ್ಕೆಯೇ ಮೇಲು ಎಂಬುದು ನನ್ನ ನಿಲುವು. ತಾನು ಬಾಗಿ ಗೇರುಗಳನ್ನು ಉಳಿಸುತ್ತದೆ, ಬೆಲೆಯೂ ಕಡಿಮೆ.

ಕೊನೆಯದು ಮೀನಿನ ಬಲೆಯ ನೈಲಾನ್ ದಾರ. ಅದು ಪ್ರೊಪೆಲ್ಲರಿನ ಹಿಂದೆ ಶಾಫ್ಟಿಗೆ ಬಿಗಿಯಾಗಿ ಸುತ್ತಿಕೊಂಡು ಆಯಿಲ್ ಸೀಲನ್ನು ಕೊಯ್ಯುತ್ತದೆ; ಹೊರಗಿನಿಂದ ಏನೂ ಕಾಣುವುದಿಲ್ಲ. ಆದ್ದರಿಂದ ಇಂಜಿನ್ನನ್ನು ತಕ್ಷಣ ನಿಲ್ಲಿಸುವ ಕಿಲ್ ಸ್ವಿಚ್ಚಿನ ಹಗ್ಗ ಕಿತ್ತು, ಸ್ಪಾರ್ಕ್ ಪ್ಲಗ್ಗಿನ ವೈರುಗಳನ್ನೂ ತೆಗೆದ ಬಳಿಕವೇ ಪ್ರೊಪೆಲ್ಲರ್ ಕಳಚಿ ಶಾಫ್ಟನ್ನು ಪರೀಕ್ಷಿಸಬೇಕು. ಗೇರ್ ಆಯಿಲ್ ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ಒಳಸೇರಿದೆ. ಸೀಲ್ ಬದಲಿಸದೆ ಬರೀ ಆಯಿಲ್ ಬದಲಿಸಿದರೆ ಸಾಲದು. ಮರುಜೋಡಿಸುವಾಗ ಶಾಫ್ಟಿಗೆ ನೀರಿಗೆ ತೊಳೆದುಹೋಗದ ಗ್ರೀಸ್ ಸವರಿ, ಪ್ರೊಪೆಲ್ಲರಿನ ತಳ್ಳುಬಲವನ್ನು ಶಾಫ್ಟಿಗೆ ದಾಟಿಸುವ ಥ್ರಸ್ಟ್ ವಾಷರನ್ನು ಮರೆಯದೆ ಮೊದಲಿನ ದಿಕ್ಕಿನಲ್ಲೇ ಕೂರಿಸಿ, ನಟ್ ಸಡಿಲವಾಗದಂತೆ ತಡೆಯುವ ಹಳೆಯ ಸ್ಪ್ಲಿಟ್ ಪಿನ್ ಎಸೆದು ಹೊಸದನ್ನು ಹಾಕಿ.