ದೋಣಿ ಇಂಜಿನ್ನಿಗೆ ಪೆಟ್ರೋಲ್, ಆಯಿಲ್ ಹಾಕುವಾಗ

ಕೇಳುಗರಿಗೆ ನಮಸ್ಕಾರ.

ದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಇಂಜಿನ್ ಇರುವವರಿಗೆ ಪೆಟ್ರೋಲ್ ಹೊಸದೇನಲ್ಲ. ದಿನಾ ಸುರಿಯುತ್ತೀರಿ, ದಿನಾ ವಾಸನೆ ಕುಡಿಯುತ್ತೀರಿ. ಸಲಿಗೆ ಬೆಳೆದುಬಿಟ್ಟಿರುತ್ತದೆ. ಆದರೆ ಬೆಂಕಿ ಹಿಡಿಯುವುದು ಕ್ಯಾನಿನೊಳಗೆ ಕುಲುಕುವ ಪೆಟ್ರೋಲಿಗಲ್ಲ, ಅದರಿಂದ ಏಳುವ ಆವಿಗೆ. ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ಪೆಟ್ರೋಲು ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಗಾಳಿಯಲ್ಲಿ ಶೇಕಡಾ ಒಂದೂವರೆಯಷ್ಟು ಆವಿ ಬೆರೆತರೆ ಸಾಕು, ಒಂದು ಕಿಡಿಯ ಕೆಲಸ ಅಷ್ಟೆ.

ಈ ಆವಿ ಗಾಳಿಗಿಂತ ಮೂರು, ನಾಲ್ಕು ಪಟ್ಟು ಭಾರ. ದೋಣಿ ಅಂದ್ರೆ ಒಂದು ದೊಡ್ಡ ಬಟ್ಟಲು ಅಲ್ವಾ? ಒಳಗೆ ಇಳಿದ ಆವಿ ತಳದಲ್ಲೇ ಕೂತುಬಿಡುತ್ತದೆ. ಮೇಲೆ ಗಾಳಿ ಬೀಸುತ್ತಿದ್ದರೆ ನಿಂತವರಿಗೆ ವಾಸನೆಯೇ ಬರುವುದಿಲ್ಲ. ಬ್ಯಾಟರಿ, ವೈರು, ನೀರು ಹೊರಹಾಕುವ ಪಂಪಿನ ಸ್ವಿಚ್ಚು ಇರುವುದೆಲ್ಲ ಆ ತಳದ ಹತ್ತಿರವೇ.

ಹಾಗಾಗಿ ಎತ್ತಿ ಒಯ್ಯುವ ಟ್ಯಾಂಕ್ ಆದರೆ ದೋಣಿಯಲ್ಲಿಟ್ಟು ತುಂಬಬೇಡಿ. ಭಾರ ಅಂತ ಸೋಮಾರಿತನ ಬರುತ್ತದೆ, ನಿಜ. ಆದರೂ ಇಳಿಸಿ, ನೆಲದ ಮೇಲಿಟ್ಟು ತುಂಬಿ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಪೆಟ್ರೋಲು ಹರಿಯುವಾಗ ಸ್ಥಿರ ವಿದ್ಯುತ್ತು ಹುಟ್ಟುತ್ತದೆ. ಟ್ಯಾಂಕ್ ನೆಲಕ್ಕೆ ತಾಗಿದ್ದರೆ ಅದು ಇಳಿದುಹೋಗುತ್ತದೆ. ಗಾಡಿಯೊಳಗಿನ ಪ್ಲಾಸ್ಟಿಕ್ ಹಾಸಿನ ಮೇಲೆಯೋ ರಬ್ಬರ್ ಮ್ಯಾಟ್ ಮೇಲೆಯೋ ಇಟ್ಟರೆ ಇಳಿಯಲು ದಾರಿ ಇಲ್ಲ. ತುಂಬುವಷ್ಟು ಹೊತ್ತೂ ಪೆಟ್ರೋಲ್ ಪಂಪಿನ ಮೂತಿ ಟ್ಯಾಂಕಿನ ಬಾಯಿಗೆ ತಾಗಿಕೊಂಡೇ ಇರಲಿ. ಕಂಠಪೂರ್ತಿ ತುಂಬಬೇಡಿ, ಹತ್ತರಲ್ಲಿ ಒಂದು ಪಾಲು ಖಾಲಿ ಬಿಡಿ. ಬಿಸಿಲಿಗೆ ಪೆಟ್ರೋಲು ಹಿಗ್ಗುತ್ತದೆ. ಜಾಗ ಇಲ್ಲದಿದ್ದರೆ ಉಕ್ಕಿ ದೋಣಿಯೊಳಗೇ ಚೆಲ್ಲುತ್ತದೆ.

ಕೆಲವು ಟ್ಯಾಂಕುಗಳ ಮುಚ್ಚಳದ ಮೇಲೆ ಗಾಳಿಯಾಡಲು ಒಂದು ಪುಟ್ಟ ತಿರುಪು ಇರುತ್ತದೆ. ಸಾಗಿಸುವಾಗ ಅದು ಮುಚ್ಚಿರಬೇಕು, ಇಂಜಿನ್ ಓಡುವಾಗ ತೆರೆದಿರಬೇಕು. ತೆರೆಯಲು ಮರೆತರೆ ಇಂಜಿನ್ ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ. ಆಗ ಕಾರ್ಬ್ಯುರೇಟರ್ ಬಿಚ್ಚಲು ಕೂರುವ ಮೊದಲು ಆ ತಿರುಪು ನೋಡಿ! ಬಿಸಿಲಲ್ಲಿ ಉಬ್ಬಿದ ಟ್ಯಾಂಕ್ ಆದರೆ, ಇಂಜಿನ್ನಿಗೆ ಹೋಗುವ ಪೈಪು ಸಿಕ್ಕಿಸುವ ಮೊದಲೇ ತಿರುಪನ್ನು ನಿಧಾನವಾಗಿ ಸಡಿಲಿಸಿ, ಒತ್ತಡ ಹೋಗಲಿ. ಆಮೇಲೆ ಪೈಪಿನ ನಡುವಿನ ರಬ್ಬರ್ ಬಲ್ಬು, ಇಂಜಿನ್ನಿಗೆ ಪೆಟ್ರೋಲು ತಳ್ಳುವ ಉಬ್ಬು. ಅದರ ಮೇಲಿನ ಬಾಣದ ಗುರುತು ಇಂಜಿನ್ ಕಡೆಗಿರಬೇಕು. ಗಟ್ಟಿಯಾಗುವ ತನಕ ಹಿಸುಕಿ. ಹಿಸುಕುವಾಗಲೇ ಪೈಪಿನ ಮೇಲೆ ಬೆರಳಾಡಿಸಿ ನೋಡಿ. ಬಿರುಕು, ಒದ್ದೆ, ಅಂಟು ಏನಾದರೂ ಸಿಕ್ಕಿದರೆ ಆ ಪೈಪು ಬದಲಿಸಿ. ಟೇಪು ಸುತ್ತಿ ಸಮಾಧಾನ ಮಾಡಿಕೊಳ್ಳಬೇಡಿ.

ಈಗ ಆಯಿಲ್ ವಿಷಯ. ಪೆಟ್ರೋಲಿಗೇ ಆಯಿಲ್ ಬೆರೆಸುವ ಟೂ ಸ್ಟ್ರೋಕ್ ಇಂಜಿನ್ನಿಗೆ ಸಾಮಾನ್ಯವಾಗಿ 50ಕ್ಕೆ 1ರ ಲೆಕ್ಕ: 10 ಲೀಟರ್ ಪೆಟ್ರೋಲಿಗೆ 200 ಮಿಲಿ ಆಯಿಲ್. ಹೊಸ ಇಂಜಿನ್ ಪಳಗುವ ತನಕ ಇದರ ಎರಡರಷ್ಟು ಕೇಳುವುದುಂಟು. ನಿಮ್ಮ ಇಂಜಿನ್ನಿನ ಪುಸ್ತಕ ಹೇಳಿದ್ದೇ ಕೊನೆ ಮಾತು. ಕಣ್ಣಂದಾಜು ಬೇಡ, ಅಳತೆಯ ಲೋಟ ಇಟ್ಟುಕೊಳ್ಳಿ. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಜಾಸ್ತಿಯಾದರೆ ಪ್ಲಗ್ಗಿಗೆ ಮಸಿ. ಮೊದಲು ಸ್ವಲ್ಪ ಪೆಟ್ರೋಲು, ಅದಕ್ಕೆ ಆಯಿಲ್, ಚೆನ್ನಾಗಿ ಕುಲುಕಿ, ಆಮೇಲೆ ಉಳಿದ ಪೆಟ್ರೋಲು. ಡಬ್ಬದ ಮೇಲೆ ಟಿಸಿ-ಡಬ್ಲ್ಯೂ3 ಅಂತ ಇರಲಿ. ನೀರಿನಿಂದ ತಣಿಯುವ ಟೂ ಸ್ಟ್ರೋಕ್ ಇಂಜಿನ್ನುಗಳಿಗೆಂದೇ ಇರುವ ಆಯಿಲ್ ಅದು, ಉರಿದರೆ ಬೂದಿ ಉಳಿಯುವುದಿಲ್ಲ. ಮನೆಯಲ್ಲಿ ಬೈಕಿನ ಆಯಿಲ್ ಉಳಿದಿದೆ ಅಂತ ಅದನ್ನೇ ಸುರಿದುಬಿಡಬೇಡಿ. ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಬೆರೆಸುವ ಕೆಲಸವೇ ಇಲ್ಲ, ಆಯಿಲ್‌ಗೆ ಬೇರೆ ಜಾಗ ಇರುತ್ತದೆ.

ಬಾಯಿಂದ ಎಳೆದು ಪೈಪಿನಲ್ಲಿ ಪೆಟ್ರೋಲು ಇಳಿಸುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬಿಡಿ. ಒಂದು ಗುಟುಕು ದಾರಿ ತಪ್ಪಿ ಶ್ವಾಸಕೋಶಕ್ಕೆ ಹೋದರೆ ಅಲ್ಲೇ ಉರಿಯೂತ ಶುರು. ಯಾರಾದರೂ ನುಂಗಿಬಿಟ್ಟರೆ ವಾಂತಿ ಮಾಡಿಸಬೇಡಿ. ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯ ಇನ್ನೂ ಜಾಸ್ತಿ. ಸೀದಾ ಆಸ್ಪತ್ರೆಗೆ ಕರೆದೊಯ್ಯಿರಿ. ನೀರಿನ ಬಾಟಲಿಯಲ್ಲಿ ಪೆಟ್ರೋಲು ಇಡಬಾರದು ಅನ್ನುವುದೂ ಇದಕ್ಕೇ, ಬಾಯಾರಿದ ಮಗು ಮೂಸಿ ನೋಡುವುದಿಲ್ಲ, ಕುಡಿದೇಬಿಡುತ್ತದೆ.

ಕೊನೆಗೆ ಚೆಲ್ಲಿದ್ದರ ಮಾತು. ದೋಣಿಯೊಳಗೆ ಚೆಲ್ಲಿದರೆ ಇಂಜಿನ್ ಶುರು ಮಾಡಬೇಡಿ, ಯಾವ ಸ್ವಿಚ್ಚೂ ಮುಟ್ಟಬೇಡಿ. ಬಟ್ಟೆಯಲ್ಲಿ ಒರೆಸಿ, ಗಾಳಿಯಾಡಲು ಬಿಡಿ, ತಳಕ್ಕೆ ಬಗ್ಗಿ ವಾಸನೆ ಪೂರ್ತಿ ಹೋಗಿದೆಯಾ ನೋಡಿ. ಬೆಂಕಿ ಹತ್ತಿದರೆ ನೀರು ಎರಚಬೇಡಿ, ಪೆಟ್ರೋಲು ನೀರಿನ ಮೇಲೆ ತೇಲಿ ಉರಿಯುತ್ತಲೇ ಹರಡುತ್ತದೆ. ಪುಡಿಯ ಅಥವಾ ನೊರೆಯ ಅಗ್ನಿಶಾಮಕ ಕೈಗೆ ಸಿಗುವ ಜಾಗದಲ್ಲಿರಲಿ, ಟ್ಯಾಂಕಿನ ಪಕ್ಕದಲ್ಲಲ್ಲ. ಆಯಿಲ್ ನೀರಿಗೆ ಬಿದ್ದು ಬಣ್ಣ ಬಣ್ಣದ ಪದರ ತೇಲಿದರೆ ಕೆಲವರು ಸೋಪಿನ ನೀರು ಹಾಕುತ್ತಾರೆ. ಪದರ ಕಣ್ಣಿಗೆ ಮಾಯವಾಗುತ್ತದೆ, ಆದರೆ ಆಯಿಲ್ ಎಲ್ಲಿಗೂ ಹೋಗಿರುವುದಿಲ್ಲ, ಒಡೆದು ನೀರಿನೊಳಗೇ ಬೆರೆತಿರುತ್ತದೆ. ಆಮೇಲೆ ಅದನ್ನು ತೆಗೆಯಲೂ ಆಗದು. ಆಯಿಲ್ ಹೀರುವ ಪ್ಯಾಡು ಅಂತ ಸಿಗುತ್ತದೆ, ಅದನ್ನು ಹಾಸಿ ಎತ್ತಿ, ಮುಚ್ಚಳವಿರುವ ಲೋಹದ ಡಬ್ಬದಲ್ಲಿ ಹಾಕಿಕೊಂಡು ದಡಕ್ಕೆ ತನ್ನಿ.

ನಮಸ್ಕಾರ.